ಮೂಲೆ ತಿರುಗುವ ಪಟ್ಟಿ: ಚರ್ಮದ ಚೀಲಕ್ಕೆ ನಾನು ಗಸೆಟ್ ಕೂರಿಸುವ ರೀತಿ

ಅಥಣಿಯಲ್ಲಿ ತೊಗಲಿನ ಕೆಲಸ ಅಂದರೆ ಚಪ್ಪಲಿ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳೂ ಸೇರಿದವು. 2025ರ ಜೂನ್‌ನಲ್ಲಿ ಮಿಲಾನ್‌ನ ಪ್ರಾಡಾ ಫ್ಯಾಷನ್ ಶೋನಲ್ಲಿ ಅಂಥದೇ ಚಪ್ಪಲಿ ಕಾಣಿಸಿಕೊಂಡಾಗ ನನಗೂ ಸಾಕಷ್ಟು ಫೋನು ಬಂದವು. ಎಲ್ಲವೂ ಚಪ್ಪಲಿಗಾಗಿ. ನಾನು ಮಾಡುವುದು ಹೆಗಲಚೀಲ ಅಂದಕೂಡಲೇ ಅತ್ತ ಕಡೆ ಉತ್ಸಾಹ ಇಳಿಯುತ್ತಿತ್ತು. ಇರಲಿ.

ಚಪ್ಪಲಿ ಕಟ್ಟುವ ಮನೆಯಲ್ಲಿ ಬೆಳೆದವನಿಗೆ ಚೀಲದಲ್ಲಿ ಹೊಸದಾಗಿ ಕಲಿಯಬೇಕಾದದ್ದು ನಿಜವಾಗಿ ಒಂದೇ, ಗಸೆಟ್, ಅಂದರೆ ಚೀಲಕ್ಕೆ ದಪ್ಪ ಕೊಡುವ ಬದಿಯ ಪಟ್ಟಿ. ಕತ್ತರಿಸುವುದು, ಅಂಚು ಕೆರೆಯುವುದು, ಆರಿಯಿಂದ ಚುಚ್ಚುವುದು, ಎರಡು ಸೂಜಿಯ ಹೊಲಿಗೆ, ಇವೆಲ್ಲ ಕೈಗೆ ಬಂದೇ ಇರುತ್ತವೆ. ಆದರೆ ಚಪ್ಪಲಿಯಲ್ಲಿ ತೊಗಲಿನ ಮೇಲೆ ತೊಗಲು ಮಲಗಿರುತ್ತದೆ. ಚೀಲದ ಮುಂದಿನ ಹಾಳೆಗೂ ಹಿಂದಿನ ಹಾಳೆಗೂ ನಡುವೆ ಕೂರುವ ಪಟ್ಟಿ ಹಾಗಲ್ಲ. ಅದು ಎದ್ದು ನಿಲ್ಲಬೇಕು, ಕೆಳಗಿನ ಮೂಲೆಗೆ ಬಂದಾಗ ತಿರುಗಬೇಕು, ತಿರುಗಿದ ಮೇಲೂ ಎರಡೂ ಹಾಳೆಗೆ ಸಮನಾಗಿ ಹೊಂದಬೇಕು. ನೇರ ಭಾಗವನ್ನು ಯಾರು ಬೇಕಾದರೂ ಹೊಲಿಯಬಹುದು. ಚೀಲ ಕೆಡುವುದು ಮೂಲೆಯಲ್ಲಿ.

ಗಸೆಟ್ಟಿನಲ್ಲಿ ಬಗೆಗಳಿವೆ. ಎರಡು ಬಗಲಿಗೆ ಎರಡು ತುಂಡು, ತಳಕ್ಕೆ ಬೇರೆ ತುಂಡು ಇಡುವವರಿದ್ದಾರೆ. ನಡುವೆ ಮಡಿಕೆ ಬಿದ್ದು ಹಾರ್ಮೋನಿಯಂ ತಿದಿಯಂತೆ ಹಿಗ್ಗಿ ಕುಗ್ಗುವುದೂ ಇದೆ, ಕಾಗದಪತ್ರದ ಚೀಲಕ್ಕೆ ಅದೇ ಸರಿ. ಪಾಕೀಟಿಗಾದರೆ ಒಂದು ಮಿಲಿಮೀಟರಿಗಿಂತ ತೆಳುವಾದ ಮೇಕೆ ತೊಗಲನ್ನು ಮಡಚಿ ಹಾಕಿದರೆ ಮುಗಿಯಿತು. ನಾನು ಹೆಚ್ಚಾಗಿ ಮಾಡುವುದು ಒಂದೇ ಉದ್ದ ಪಟ್ಟಿ: ಬಲಗಡೆ ಬಾಯಿಂದ ಇಳಿದು, ತಳ ದಾಟಿ, ಎಡಗಡೆ ಬಾಯಿಗೆ ಏರುವುದು. ತಳದಲ್ಲಿ ಜೋಡಣೆ ಇಲ್ಲದ್ದರಿಂದ ಅದಕ್ಕೆ ಬಾಳಿಕೆ ಜಾಸ್ತಿ.

ಪಟ್ಟಿಯ ಎರಡೂ ಅಂಚನ್ನು ಮಡಚಿ ಹಾಳೆಗೆ ಹಚ್ಚಬೇಕು. ಆ ಮಡಿಕೆ ಚೀಲದ ಒಳಕ್ಕೆ ತಿರುಗಬೇಕೋ ಹೊರಕ್ಕೋ ಅನ್ನುವುದನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು. ಒಳಕ್ಕೆ ಮಡಚಿದರೆ ಮೂಲೆಯಲ್ಲಿ ಅಂಚಿಗೆ ಸಿಗುವ ಸುತ್ತು ಕಡಿಮೆ, ತೊಗಲು ಹೆಚ್ಚಾಗಿ ನೆರಿಗೆ ಬೀಳುತ್ತದೆ. ನೆರಿಗೆಯನ್ನು ಅಚ್ಚುಕಟ್ಟಾಗಿ ಕೂರಿಸಬೇಕು, ಇಲ್ಲವೇ ಸಣ್ಣ ಸಣ್ಣ ಕಚ್ಚು ಹಾಕಿ ತೊಗಲು ತೆಗೆಯಬೇಕು. ಹೊರಕ್ಕೆ ಮಡಚಿದರೆ ಅದರ ತಿರುಗು ಮುರುಗು, ಅಂಚು ಹಿಗ್ಗಬೇಕು. ಮರದ ತೊಗಟೆಯಲ್ಲಿ ಹದ ಮಾಡಿದ ತೊಗಲು ಒದ್ದೆಯಾಗಿದ್ದಾಗ ಕುಗ್ಗಲು ಒಪ್ಪುವುದಕ್ಕಿಂತ ಹಿಗ್ಗಲು ಬೇಗ ಒಪ್ಪುತ್ತದೆ. ಇನ್ನೂ ಒಂದು ಅನುಕೂಲವೆಂದರೆ ಹೊರಮಡಿಕೆಯಲ್ಲಿ ಆರಿಯೂ ಎರಡೂ ಸೂಜಿಯೂ ಹೊರಗಡೆಯೇ ಆಡುತ್ತವೆ. ಎರಡನೇ ಹಾಳೆ ಹೊಲಿಯುವಾಗ ಮುಚ್ಚಿದ ಚೀಲದೊಳಗೆ ಕೈ ತೂರಿಸಿ ತಡಕಾಡುವ ಕೆಲಸವಿಲ್ಲ. ಅಂಚು ಹೊರಗೆ ಕಾಣುತ್ತದೆ ಎಂದು ಕೆಲವರು ಮೂಗು ಮುರಿಯುತ್ತಾರೆ. ನನಗೆ ಅದೇ ಚಂದ. ಉಜ್ಜಿ ಮೇಣ ಹಾಕಿದ ಅಂಚು ನೋಡಿದರೆ ಕೆಲಸದವನ ಕೈ ಎಂಥದ್ದೆಂದು ಗೊತ್ತಾಗುತ್ತದೆ.

ಈಗ ಅಳತೆ. ನಾನು ಪದೇ ಪದೇ ಮಾಡುವ ಚೀಲದ ಹಾಳೆ 280 ಮಿ.ಮೀ. ಅಗಲ, 220 ಎತ್ತರ. ಕೆಳಗಿನ ಎರಡು ಮೂಲೆಗೆ 50 ಮಿ.ಮೀ. ತ್ರಿಜ್ಯದ ದುಂಡು. ಮಡಿಕೆ 8 ಮಿ.ಮೀ., ಹೊಲಿಗೆ ಗೆರೆ ಅಂಚಿನಿಂದ 4 ಮಿ.ಮೀ. ಒಳಗೆ. ಹೊಲಿಗೆ ಗೆರೆಯುದ್ದಕ್ಕೂ ಅಳೆದರೆ ತಳದ ನೇರ ಭಾಗ 180, ಎರಡು ಬಗಲು ಸೇರಿ 340, ಎರಡು ಮೂಲೆ ಸೇರಿ ಸುಮಾರು 144.5, ಒಟ್ಟು 664.5 ಮಿ.ಮೀ. ಆದರೆ ಪಟ್ಟಿ ಮಡಿಯುವ ಗೆರೆ ಇನ್ನೂ 4 ಮಿ.ಮೀ. ಒಳಗಿರುತ್ತದೆ. ಅಲ್ಲಿ ಮೂಲೆಗಳ ತ್ರಿಜ್ಯ 42, ಒಟ್ಟು ಉದ್ದ 652ರ ಆಸುಪಾಸು. ವ್ಯತ್ಯಾಸ ಹನ್ನೆರಡೂವರೆ ಮಿಲಿಮೀಟರ್. ಹೊಲಿಗೆಯ ತೂತು 4 ಮಿ.ಮೀ.ಗೆ ಒಂದರಂತೆ ಬಿದ್ದರೆ, ಮೂರು ತೂತು.

ಗಸೆಟ್ಟಿನ ಜಗಳವೆಲ್ಲ ಈ ಮೂರು ತೂತಿನದು. ಪಟ್ಟಿಯನ್ನು ಚಪ್ಪಟೆಯಾಗಿ ಹಾಸಿ, ಹಾಳೆಗೆ ಹೊಡೆದ ಕವೆಯಿಂದಲೇ (ಸಾಲುಹಲ್ಲಿನ ಉಳಿ) ಅದಕ್ಕೂ ತೂತು ಹೊಡೆದುಕೊಂಡರೆ, ಬಾಯಿಗೆ ಬರುವಷ್ಟರಲ್ಲಿ ಲೆಕ್ಕ ತಪ್ಪಿರುತ್ತದೆ. ಆಗ ಜನ ಎಳೆದು ಹೊಂದಿಸಲು ಹೋಗುತ್ತಾರೆ, ಚೀಲ ಒಂದು ಕಡೆ ಸೊಟ್ಟಗಾಗುತ್ತದೆ. ಒಂದು ಸ್ವಾರಸ್ಯವಿದೆ: ಮೂಲೆಯ ದುಂಡು ಎಷ್ಟೇ ಇರಲಿ, ಈ ವ್ಯತ್ಯಾಸ ಬದಲಾಗುವುದಿಲ್ಲ. ಎರಡು ಮೂಲೆಯ ಕಾಲು ಕಾಲು ಸುತ್ತು ಸೇರಿ ಅರ್ಧ ಸುತ್ತು, ಹಾಗಾಗಿ ಹೊಲಿಗೆಗೂ ಮಡಿಕೆಗೂ ಇರುವ ಅಂತರವನ್ನು 3.14ರಿಂದ ಗುಣಿಸಿದರೆ ಸಾಕು. ದುಂಡು ದೊಡ್ಡದಾದರೆ ಸಿಗುವ ಲಾಭವೇ ಬೇರೆ. 30ರ ದುಂಡಿಗೆ 8 ಮಿ.ಮೀ. ಮಡಿಕೆ ಹಾಕಿದರೆ ಮೂಲೆಯಲ್ಲಿ ಅಂಚು ತನ್ನ ಉದ್ದದ ಮೂರನೇ ಒಂದು ಪಾಲಿಗಿಂತ ಹೆಚ್ಚು ಹಿಗ್ಗಬೇಕು. 50ರ ದುಂಡಿಗೆ ಐದನೇ ಒಂದು ಪಾಲಿಗಿಂತ ಕಡಿಮೆ ಸಾಕು. ಮೊದಲನೆಯದಕ್ಕೆ ಬಹಳಷ್ಟು ತೊಗಲು ಬಿರುಕು ಬಿಟ್ಟುಕೊಳ್ಳುತ್ತವೆ. ಗಿರಾಕಿ ಚೌಕ ಮೂಲೆಯೇ ಬೇಕೆಂದರೆ ನಾನು ತಳಕ್ಕೆ ಬೇರೆ ತುಂಡಿಡುವ ಮಾದರಿ ತೋರಿಸುತ್ತೇನೆ.

ಹಾಗಾಗಿ ನಾನು ತೂತು ಹೊಡೆಯುವುದು ಹಾಳೆಗೆ ಮಾತ್ರ. ಮುಂದಿನ ಹಾಳೆಗೂ ಹಿಂದಿನದಕ್ಕೂ ಒಂದೇ ರಟ್ಟಿನ ಮಾದರಿ, ತಳದ ನಡುಬಿಂದುವಿನಿಂದ ಎರಡೂ ಕಡೆಗೆ ಹೊಡೆಯುತ್ತ ಹೋಗುವುದು, ತೂತುಗಳ ಎಣಿಕೆ ಎರಡರಲ್ಲೂ ಒಂದೇ ಇರುವಂತೆ ನೋಡಿಕೊಳ್ಳುವುದು. ಪಟ್ಟಿ ಮಾತ್ರ ಖಾಲಿ. ಅದನ್ನು 720 ಮಿ.ಮೀ. ಉದ್ದ ಕತ್ತರಿಸುತ್ತೇನೆ. ಹೆಚ್ಚಾದದ್ದನ್ನು ಬಾಯಿಯಲ್ಲಿ ಕೊನೆಗೆ ತೆಗೆಯಬಹುದು, ಕಡಿಮೆ ಬಿದ್ದರೆ ಸೇರಿಸಲು ದಾರಿಯಿಲ್ಲ.

ತೊಗಲಿನ ಮಾತು ಹೇಳಲೇಬೇಕು. ನಮ್ಮ ಕಡೆ ಹಳೆಯ ಪದ್ಧತಿಯಲ್ಲಿ ಎಮ್ಮೆ ತೊಗಲನ್ನು ಚೀಲದಂತೆ ಹೊಲಿದು, ಒಳಗೆ ಜಾಲಿ ತೊಗಟೆ, ಅಳಲೆಕಾಯಿಯ ನೀರು ತುಂಬಿ ತೂಗುಹಾಕಿ ಹದ ಮಾಡುತ್ತಾರೆ. ಅಟ್ಟೆಗೆ ಅದರಂಥ ತೊಗಲಿಲ್ಲ. ಗಸೆಟ್ಟಿಗೆ ಮಾತ್ರ ಅದರ ದಪ್ಪ ಏರುಪೇರು, ಕೆತ್ತಿ ಕೆತ್ತಿ ಸಾಕಾಗುತ್ತದೆ. ಹಾಳೆಗೆ 2ರಿಂದ 2.5 ಮಿ.ಮೀ. ದಪ್ಪದ್ದಿದ್ದರೆ ಪಟ್ಟಿಗೆ ಒಂದೂವರೆ ಸಾಕು, ಮಡಿಕೆಯ ಜಾಗದಲ್ಲಿ ಒಳಮೈಯನ್ನು ರಾಂಪಿಯಿಂದ (ತೊಗಲು ಕೆತ್ತುವ ಕತ್ತಿ) ಕೆತ್ತಿ ಒಂದಕ್ಕೆ ಇಳಿಸುತ್ತೇನೆ. ಪಟ್ಟಿಯನ್ನು ಬೆನ್ನುಹುರಿಯ ಗುಂಟ ಉದ್ದುದ್ದ ಕತ್ತರಿಸಬೇಕು. ಹೊಟ್ಟೆ ಭಾಗದ್ದು ಮೆತ್ತಗಿದೆ, ಸಲೀಸಾಗಿ ಮಡಚುತ್ತದೆ ಎಂದು ಹಾಕಿದರೆ ಹೊರೆ ಬಿದ್ದ ಹಾಗೆಲ್ಲ ಜಗ್ಗಿ ಚೀಲ ಜೋತು ಬೀಳುತ್ತದೆ. "ಹೊಟ್ಟಿ ತೊಗಲಾ ಹೊಟ್ಟಿಗಷ್ಟ ಚಲೋ" ಎಂದು ನಮ್ಮ ಓಣಿಯ ಹಿರಿಯರೊಬ್ಬರು ಅನ್ನುತ್ತಿರುತ್ತಾರೆ.

ಮಡಿಕೆ ಕೂರಿಸಲು ನಾನು ಮಾಡಿಕೊಂಡ ಅಚ್ಚು ಸರಳವಾದದ್ದು. 18 ಮಿ.ಮೀ. ಪ್ಲೈವುಡ್ಡಿನ ನಾಲ್ಕು ತುಂಡು ಒಂದರ ಮೇಲೊಂದು ಅಂಟಿಸಿದರೆ 72 ಮಿ.ಮೀ., ಚೀಲದ ದಪ್ಪ ಅದೇ. ಅದರ ಆಕಾರ ಹಾಳೆಯದ್ದೇ, ಸುತ್ತಲೂ 8 ಮಿ.ಮೀ. ಸಣ್ಣದು. ಎರಡೂ ಪಕ್ಕಕ್ಕೆ ಹಾಳೆಯಷ್ಟೇ ದೊಡ್ಡದಾದ ತೆಳು ಪ್ಲೈ. ಹೀಗೆ ಜೋಡಿಸಿದರೆ ಅಚ್ಚಿನ ಸುತ್ತ ಒಂದು ಕಾಲುವೆಯಾಗುತ್ತದೆ. 88 ಮಿ.ಮೀ. ಅಗಲದ ಒದ್ದೆ ಪಟ್ಟಿ ಆ ಕಾಲುವೆಯಲ್ಲಿ ಇಳಿಯುತ್ತದೆ, ಎರಡೂ ಅಂಚು ಪಕ್ಕದ ಪ್ಲೈಗೆ ಒರಗಿ ನಿಲ್ಲುತ್ತವೆ. ಜೋಡಿಸಲು ಹಿತ್ತಾಳೆಯ ಸ್ಕ್ರೂ, ಹಿಡಿದಿಡಲು ಪ್ಲಾಸ್ಟಿಕ್ ಕ್ಲಿಪ್ಪು. ತೊಗಟೆ ಹದದ ಒದ್ದೆ ತೊಗಲಿಗೆ ಕಬ್ಬಿಣ ತಗಲಿದರೆ ತೊಗಲಿನೊಳಗಿನ ಟ್ಯಾನಿನ್ (ತೊಗಟೆಯ ಒಗರು) ಜೊತೆ ಸೇರಿ ನೀಲಿಗಪ್ಪು ಕಲೆಯಾಗುತ್ತದೆ. ಒಂದು ಮೊಳೆಯ ತಲೆ ಸಾಕು, ಅಷ್ಟೂ ಪಟ್ಟಿ ಕೆಟ್ಟಂತೆ.

ಪಟ್ಟಿಯನ್ನು ನೀರಲ್ಲಿ ಅದ್ದಿ ಗುಳ್ಳೆ ನಿಂತ ಮೇಲೆ ತೆಗೆದು ಪ್ಲಾಸ್ಟಿಕ್ ಕೈಚೀಲದಲ್ಲಿ ಸುತ್ತಿ ರಾತ್ರಿಯಿಡೀ ಇಡುತ್ತೇನೆ, ನೀರು ಒಳಗೆಲ್ಲ ಸಮನಾಗಿ ಹರಡಲು. ಬೆಳಿಗ್ಗೆ ಮೇಲ್ಮೈಯ ಬಣ್ಣ ಒಣ ತೊಗಲಿನ ಬಣ್ಣಕ್ಕೆ ತಿರುಗುತ್ತಿರುವಾಗ, ಮುಟ್ಟಿದರೆ ಇನ್ನೂ ತಂಪಾಗಿರುವಾಗ, ಅದೇ ಹದ. ಮಡಿಕೆ ಗೆರೆಯನ್ನು ನುಣುಪು ಮೈಯ ಮೇಲೆ ಮೂಳೆ ಕಡ್ಡಿಯಿಂದ ಒತ್ತಿ ಎಳೆಯುತ್ತೇನೆ. ಕೆಲವರು ಅಲ್ಲಿ ಸಣ್ಣ ತೋಡು ಕೊರೆದು ತೊಗಲು ತೆಗೆಯುತ್ತಾರೆ. ಹೊರಮಡಿಕೆಗೆ ಅದು ಬೇಡ, ತೊಗಲಿನ ಗಟ್ಟಿ ಇರುವುದೇ ನುಣುಪು ಮೈಯಲ್ಲಿ. ಆಮೇಲೆ ಅಚ್ಚಿನ ತಳದ ನಡುಬಿಂದುವಿಗೆ ಪಟ್ಟಿಯ ನಡುಬಿಂದು ಹೊಂದಿಸಿ, ಅಲ್ಲಿಂದ ಎರಡೂ ಕಡೆಗೆ. ಮೂಲೆಯಲ್ಲಿ ಅವಸರ ಮಾಡಬಾರದು. ಅಂಚನ್ನು ಒಂದೇ ಸಲ ಎತ್ತಲು ಹೋಗದೆ, ಮೂಳೆ ಕಡ್ಡಿಯನ್ನು ಮಡಿಕೆಯಿಂದ ಅಂಚಿನ ಕಡೆಗೆ ಉಜ್ಜುತ್ತ, ಬೀಸಣಿಗೆ ಬಿಚ್ಚಿದಂತೆ ಮೂಲೆಯ ನಡುವಿನಿಂದ ಎರಡೂ ಬದಿಗೆ ಹರಡುತ್ತ ಹೋದರೆ ತೊಗಲು ತಾನೇ ಬಿಟ್ಟುಕೊಡುತ್ತದೆ.

ಅಥಣಿಯ ಏಪ್ರಿಲ್, ಮೇ ಬಿಸಿಲಿಗೆ ಎರಡನೇ ಮೂಲೆಗೆ ಬರುವಷ್ಟರಲ್ಲಿ ಪಟ್ಟಿ ಒಣಗಿರುತ್ತದೆ, ಪಕ್ಕದಲ್ಲಿ ಒದ್ದೆ ಬಟ್ಟೆ ಇಟ್ಟುಕೊಂಡೇ ಕೂರಬೇಕು. ಮಳೆಗಾಲದಲ್ಲಿ ಬೆಳಗಾವಿಯಲ್ಲಿ ಮಾಡುವವರ ಪಾಡು ಇದಕ್ಕೆ ಉಲ್ಟಾ. ಅಲ್ಲಿನ ಜಿಟಿಜಿಟಿಗೆ ಅಚ್ಚಿನ ಮೇಲೆ ದಿನಗಟ್ಟಲೆ ಒಣಗುವುದಿಲ್ಲ, ಬೂಸಲು ಹಿಡಿಯುತ್ತದೆ. ಫ್ಯಾನಿನ ಗಾಳಿಗೆ ಇಡಬೇಕು, ಒಲೆಯ ಕಾವಿಗೆ ಇಡಬಾರದು, ಮಡಿಕೆ ಸೀಳುತ್ತದೆ.

ಪೂರ್ತಿ ಒಣಗಿದ ಮೇಲೆಯೇ ಅಂಟು. ಹಸಿ ತೊಗಲಿಗೆ ಸೊಲ್ಯೂಷನ್ ಹಿಡಿಯುವುದಿಲ್ಲ. ಹಾಳೆಯ ಒಳಮೈ, ಮಡಿಕೆಯ ಒಳಮೈ ಎರಡನ್ನೂ ಉಪ್ಪುಕಾಗದದಿಂದ ತರಿಮಾಡಿ, ಅಂಚಿನ ಗುಂಟ ತೆಳುವಾಗಿ ಹಚ್ಚಿ, ಒಣಗಿದಂತಾದ ಮೇಲೆ ಮತ್ತೆ ನಡುವಿನಿಂದ ಶುರುಮಾಡಿ ಒತ್ತುತ್ತ ಬರುವುದು. ಮೂಲೆ ಶುರುವಾಗುವಲ್ಲಿ, ಮುಗಿಯುವಲ್ಲಿ ಹಾಳೆಗೂ ಪಟ್ಟಿಗೂ ಸೀಸಪೆನ್ಸಿಲ್ ಗುರುತು ಇದ್ದರೆ ಎರಡನೇ ಹಾಳೆ ಮೊದಲನೆಯದಕ್ಕೆ ನೆಟ್ಟಗೆ ಎದುರಾಗುತ್ತದೆ. ಸೊಟ್ಟ ಚೀಲಗಳಲ್ಲಿ ಹೆಚ್ಚಿನವು ಸೊಟ್ಟಗಾದದ್ದು ಹೊಲಿಗೆಯಲ್ಲಿ ಅಲ್ಲ, ಈ ಅಂಟಿನಲ್ಲಿ.

ಹೊಲಿಗೆಯ ಹೊತ್ತಿಗೆ ಕೆಲಸ ಮುಕ್ಕಾಲು ಮುಗಿದಿರುತ್ತದೆ. ಹಾಳೆಯ ತೂತಿನಿಂದ ಆರಿ ಹಾಕಿ, ಹಿಂದೆ ಬೆಂಡಿನ ತುಂಡು ಒತ್ತಿ ಹಿಡಿದು, ಒಂದೊಂದಾಗಿ ಪಟ್ಟಿಗೆ ಚುಚ್ಚುತ್ತ ಹೊಲಿಯುವುದು. ಹೀಗಾಗಿ ಹಾಳೆಯಲ್ಲಿ ಎಷ್ಟೋ ಪಟ್ಟಿಯಲ್ಲೂ ಅಷ್ಟೇ ತೂತು, ಬೇರೆ ಲೆಕ್ಕವೇ ಬೇಡ. ಆರಿ ಓರೆಯಾದರೆ ಮಾತ್ರ ಹಿಂದಿನ ಹೊಲಿಗೆ ಮಡಿಕೆಯ ಹತ್ತಿರ ದೂರ ಅಂಕುಡೊಂಕಾಗಿ ಓಡುತ್ತದೆ; ಮೂಲೆಯಲ್ಲಿ ಕೈಯನ್ನಲ್ಲ, ಚೀಲವನ್ನೇ ತಿರುಗಿಸಿಕೊಳ್ಳಬೇಕು. 0.8 ಮಿ.ಮೀ. ಮೇಣದ ದಾರ, ಹೊಲಿಗೆಯ ಉದ್ದದ ನಾಲ್ಕು ಪಟ್ಟು. ಅಂದರೆ ಒಂದು ಪಕ್ಕಕ್ಕೆ ಎರಡೂಮುಕ್ಕಾಲು ಮೀಟರು. ಅಷ್ಟುದ್ದ ಎಳೆಯುತ್ತ ಎಳೆಯುತ್ತ ಮೇಣ ಸವೆದು ದಾರ ಜುಂಗಾಗುವುದರಿಂದ ಎರಡು ತುಂಡು ಮಾಡುತ್ತೇನೆ. ಜೋಡಣೆ ಬಗಲಿನ ನೇರದಲ್ಲಿ ಬರಬೇಕು, ನೆಲಕ್ಕೆ ಉಜ್ಜುವ ತಳದಲ್ಲಿ ಬೇಡ.

ಬಾಯಿಯಲ್ಲಿ ಉಳಿದ ಪಟ್ಟಿಯನ್ನು ಒಳಕ್ಕೆ ಮಡಚಲು 15 ಮಿ.ಮೀ. ಬಿಟ್ಟು ಮಿಕ್ಕದ್ದನ್ನು ಕತ್ತರಿಸುತ್ತೇನೆ. ಹೆಗಲಪಟ್ಟಿಯ ತುದಿ ಅಲ್ಲೇ ಬರುವುದರಿಂದ ಮಡಿಕೆಯೊಳಗೆ ಇನ್ನೊಂದು ತುಂಡು ಅಟ್ಟೆ ತೊಗಲು ಇಟ್ಟು, ಹೆಗಲಪಟ್ಟಿ ಸಿಕ್ಕಿಸುವ ಬಳೆ ಹಾಕಿ, ಎರಡು ಹಿತ್ತಾಳೆ ರಿವೆಟ್ಟು. ಕೊನೆಯ ಎರಡು ತೂತಿಗೆ ದಾರ ಅಂಚಿನ ಮೇಲಿಂದ ಸುತ್ತಿ ಹಿಂದಕ್ಕೆ ಹೊಲಿಯಬೇಕು. ಬಾಯಿ ತೆರೆದು ಮುಚ್ಚುವಾಗಿನ ಜಗ್ಗಾಟವೆಲ್ಲ ಬೀಳುವುದು ಆ ಎರಡು ತೂತಿನ ಮೇಲೆ, ರಿಪೇರಿಗೆ ನನ್ನ ಬಳಿ ಬರುವ ಬೇರೆಯವರ ಚೀಲಗಳೂ ಬಹುತೇಕ ಅಲ್ಲೇ ಬಿಚ್ಚಿರುತ್ತವೆ.