ಹಳ್ಳದಿಂದ ಶುರುವಾದ ನಮ್ಮ ಕಡಲಿನ ಚಿತ್ರ ಸ್ಪರ್ಧೆ

ನಾನು ಸಕಲೇಶಪುರ ತಾಲ್ಲೂಕಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಮೊದಲ ಸಲ 'ಸಮುದ್ರ ಉಳಿಸಿ' ಅಂತ ಚಿತ್ರ ಸ್ಪರ್ಧೆ ಇಟ್ಟಿದ್ದು ಜೂನ್ 8ಕ್ಕೆ, ವಿಶ್ವ ಸಾಗರ ದಿನದಂದು. ಬಂದ ಚಿತ್ರಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ: ನೀಲಿ ನೀರು, ತೆಂಗಿನಮರ, ಅಳುವ ಮೀನು. ಮೊಬೈಲ್ ನೋಡಿ ಬರೆದಿದ್ದು. ತಪ್ಪು ಮಕ್ಕಳದ್ದಲ್ಲ. ಅವರಲ್ಲಿ ಮುಕ್ಕಾಲು ಪಾಲು ಕಡಲನ್ನೇ ನೋಡಿಲ್ಲ, ನೋಡದೇ ಇರೋದನ್ನ ಬರಿ ಅಂದ್ರೆ ಪಾಪ ಇನ್ನೇನು ಮಾಡ್ತಾರೆ?

ಮುಂದಿನ ಸಲ ಜೂನ್ ಬಿಟ್ಟು ಜನವರಿ ಆರಿಸಿಕೊಂಡೆ. ಜೂನ್‌ನಲ್ಲಿ ನಮ್ಮಲ್ಲಿ ಮಳೆ, ಜಿಗಣೆ, ಹಳ್ಳದ ಹತ್ತಿರ ಮಕ್ಕಳನ್ನ ಬಿಡೋ ಹಾಗಿಲ್ಲ. ಜನವರಿಯಲ್ಲಿ ನೀರು ಇಳಿದಿರುತ್ತೆ, ಮಳೆಗಾಲದಲ್ಲಿ ಕೊಚ್ಚಿಕೊಂಡು ಬಂದ ಕಸವೆಲ್ಲ ಮರದ ಬೇರಿಗೆ ಸಿಕ್ಕಿಕೊಂಡು ಕಣ್ಣಿಗೆ ಕಾಣುತ್ತೆ. ಶಾಂಪೂ ಚೀಟಿ, ಗುಟ್ಕಾ ಚೀಟಿ, ಗೊಬ್ಬರದ ಚೀಲದ ಎಳೆ, ಒಂದು ಮಗುವಿನ ಚಪ್ಪಲಿ. ಒಬ್ಬೊಬ್ಬರೂ ಒಂದೊಂದು ವಸ್ತು ಆರಿಸಿ, ತೊಳೆದು, ಡೆಸ್ಕ್ ಮೇಲೆ ಇಟ್ಟುಕೊಂಡು ಬರೆದರು. ಶಾಂಪೂ ಚೀಟಿಯ ಹರಿದ ಅಂಚನ್ನ ಒಬ್ಬ ಹುಡುಗ ಅರ್ಧ ಗಂಟೆ ನೋಡ್ತಾ ಕೂತಿದ್ದ.

ಆಮೇಲೆ ಭೂಪಟ ಹರಡಿದೆ. ನಮ್ಮ ಹಳ್ಳ ಹೇಮಾವತಿಗೆ, ಹೇಮಾವತಿ ಗೊರೂರು ಡ್ಯಾಮ್ ದಾಟಿ ಕಾವೇರಿಗೆ, ಕಾವೇರಿ ತಮಿಳುನಾಡಿನ ಪೂಂಪುಹಾರ್‌ನಲ್ಲಿ ಬಂಗಾಳ ಕೊಲ್ಲಿಗೆ. ಅದೇ ತಾಲ್ಲೂಕಿನ ಘಾಟಿ ಕಡೆ ಬಿದ್ದ ಮಳೆ ಕೆಂಪುಹೊಳೆ, ಕುಮಾರಧಾರೆ, ನೇತ್ರಾವತಿ ಸೇರಿ ಮಂಗಳೂರಿನಲ್ಲಿ ಅರಬ್ಬಿ ಸಮುದ್ರಕ್ಕೆ. ಬಿಸ್ಲೆ ದಾರಿಯಲ್ಲಿ ಮಂಕನಹಳ್ಳಿ ಹತ್ತಿರ, ಮಳೆ ನೀರು ಹೀಗೆ ಎರಡು ಕಡಲಿಗೆ ಬೇರೆಯಾಗೋ ಜಾಗ ಗುರುತಿಸೋ ಕಲ್ಲೇ ಇದೆ. ಎಂಟನೇ ಕ್ಲಾಸಿನ ಒಬ್ಬ ಹುಡುಗಿ ಇದನ್ನ ಕೇಳಿ ತನ್ನ ಹೆಂಚಿನ ಮನೆ ಬರೆದಳು, ಸೂರಿನ ಒಂದು ಕಡೆ ಇಳಿಯೋ ನೀರಿನಲ್ಲಿ ದೋಣಿ, ಇನ್ನೊಂದು ಕಡೆ ಆಮೆ. ಹೊನ್ನಾವರದ ಮರಳಿಗೆ ಮೊಟ್ಟೆ ಇಡೋಕೆ ಬರೋ ಆಲಿವ್ ರಿಡ್ಲೆ ಆಮೆ, ತೇಲೋ ಪ್ಲಾಸ್ಟಿಕ್ ಕವರನ್ನ ಜೆಲ್ಲಿ ಮೀನು ಅಂತ ನುಂಗುತ್ತೆ ಅಂತ ಹಿಂದಿನ ದಿನ ಹೇಳಿದ್ದೆ. ಅವಳ ಆಮೆಯ ಬಾಯಲ್ಲಿದ್ದದ್ದು ಅವರ ಮನೆ ಪಕ್ಕದ ಅಂಗಡಿಯ ಕವರು.

ಇನ್ನೊಬ್ಬಳು, ಅಪ್ಪ ಹಳ್ಳದಲ್ಲಿ ಔಷಧಿ ಹೊಡೆಯೋ ಕ್ಯಾನ್ ತೊಳೀತಿರೋದನ್ನ ಬರೆದಿದ್ದಳು. ಗೋಡೆಗೆ ಹಾಕೋ ಮೊದಲು ಅವಳನ್ನ ಕೂರಿಸಿಕೊಂಡು ಕೇಳಿದೆ. "ಬೇಡ ಸಾರ್, ಅಪ್ಪಂಗೆ ನಾನೇ ಮನೇಲಿ ತೋರಿಸ್ತೀನಿ" ಅಂದಳು. ಸರಿ, ಅವಳ ಚಿತ್ರ ಅವಳ ಬ್ಯಾಗಿಗೇ ಹೋಯ್ತು. ಅವತ್ತಿಂದ ಯಾರ ಚಿತ್ರವನ್ನೂ ಕೇಳದೆ ತೂಗು ಹಾಕಲ್ಲ.

ಫಸ್ಟ್, ಸೆಕೆಂಡ್ ಅನ್ನೋದನ್ನೂ ಬಿಟ್ಟೆ. ಚೆನ್ನಾಗಿ ಬರೆಯೋ ಮೂರು ಮಕ್ಕಳು ಪ್ರತಿ ವರ್ಷ ಗೆಲ್ತಾರೆ, ಉಳಿದವರು ಸುಮ್ನೆ ಕೂರ್ತಾರೆ, ಅದು ನನಗೆ ಬೇಕಿರಲಿಲ್ಲ. ಬದಲಿಗೆ ಪ್ರತಿಯೊಬ್ಬರೂ ತಮ್ಮ ಚಿತ್ರದ ಪಕ್ಕ ನಿಂತು ಎರಡು ನಿಮಿಷ ಮಾತಾಡಬೇಕು: ಈ ವಸ್ತು ಎಲ್ಲಿ ಸಿಕ್ತು, ಯಾವ ಹೊಳೆ ಹಿಡಿದು ಯಾವ ಕಡಲಿಗೆ ಹೋಗ್ತಿತ್ತು. ಎಲ್ಲರಿಗೂ ಒಂದೊಂದು ಬಣ್ಣದ ಡಬ್ಬಿ. ನೀವು ಮಾಡೋದಾದ್ರೆ ಡ್ರಾಯಿಂಗ್ ಶೀಟ್ ಜಾಸ್ತಿ ತಂದಿಟ್ಟುಕೊಳ್ಳಿ. ನಮ್ಮಲ್ಲಿ ಚಿತ್ರ ನೋಡೋಕೆ ಬಂದ ಅಮ್ಮಂದಿರೂ ಬರೆಯೋಕೆ ಕೂತರು, ಹಾಳೆ ಸಾಕಾಗಲಿಲ್ಲ, ಕೊನೆಗೆ ಹಳೇ ಕ್ಯಾಲೆಂಡರ್ ಹಿಂದೆ ಬರೆದರು.