ಹಸಿ ಅಡಿಕೆಲಿ ಸಿಸ್ಟರ್ ಸಾಲ ತೀರಿಸಿದ್ದು: ನನ್ನ ಅನುಭವ

ನಮ್ಮ ವಾಳೆ (ಚರ್ಚಿನ ವಾರ್ಡು) ಹುಡುಗಿ ನರ್ಸಿಂಗ್ ಮುಗಿಸಿ ಸಿಸ್ಟರ್ ಆಗಕ್ಕೆ ಕಾನ್ವೆಂಟ್ ಸೇರ್ತೀನಿ ಅಂದಾಗ ಎಜುಕೇಷನ್ ಲೋನ್ ಬಡ್ಡಿ ಸೇರಿ 1.60 ಲಕ್ಷದ ಹತ್ರ ಬಾಕಿ ಇತ್ತು. ಕಟ್ಟಕ್ಕಾಗದ ಸಾಲ ಇರೋರನ್ನ ಸನ್ಯಾಸದ ತರಬೇತಿ, ಅಂದ್ರೆ ನೊವಿಶಿಯೇಟ್‌ಗೆ ತಗೊಳಂಗಿಲ್ಲ, ಕ್ಯಾಥೊಲಿಕ್ ಚರ್ಚಿನ ಕಾನೂನು ಕ್ಯಾನನ್ ಲಾ 644ರಲ್ಲೇ ಇದೆ. ಶಿವಮೊಗ್ಗ ಧರ್ಮಪ್ರಾಂತ್ಯ ಆಗಿದ್ದೇ 1988ರಲ್ಲಿ, ಇಂಥ ಸಾಲ ಕಟ್ಟಕ್ಕೆ ನಮ್ಮ ಚರ್ಚಲ್ಲಿ ಹಳೇ ಟ್ರಸ್ಟು ಗಿಸ್ಟು ಏನೂ ಇಲ್ಲ, ನಾವೇ ದುಡ್ಡು ಒಟ್ಟು ಮಾಡ್ಬೇಕಾಯ್ತು.

ಮೊಂತಿ ಹಬ್ಬದಲ್ಲಿ (ಮೇರಿ ಮಾತೆ ಹುಟ್ಟಿದ ಹಬ್ಬ) ಕಬ್ಬು ಹಂಚೋ ಜಾಗದಲ್ಲಿ ಡಬ್ಬ ಇಟ್ವಿ, ನಾಲ್ಕೂವರೆ ಸಾವಿರ ಬಿತ್ತು. ಹೌಸಿ (ನಂಬರ್ ಕೂಗೋ ಆಟ) ಆಡಿಸಿದ್ವಿ, ಪ್ರೈಜಿಗೆ ತಂದ ಮಿಕ್ಸಿ ಖರ್ಚು ಕಳೆದ್ರೆ ಎರಡು ಸಾವಿರ. ಆಮೇಲೆ ಮನೆಗೊಂದು ಕೆಜಿ ಒಣ ಅಡಿಕೆ ಕೇಳಿದೆ, ಜನ ಗೋಟು, ಗೊರಬಲು ಅಂತ ಕಡಿಮೆ ದರ್ಜೆ ಅಡಿಕೆ ಎಲ್ಲ ತಂದು ಸುರಿದ್ರು. ಮಂಡಿಯವ್ನು ಚೀಲಕ್ಕೆ ಕೈ ಹಾಕಿ ಮುಷ್ಟಿ ತೆಗೆದು ನೋಡಿ ನಕ್ಕ, ಹನ್ನೊಂದು ಸಾವಿರಕ್ಕೆ ಮುಗೀತು. "ನಿಂಗೆ ಬೇರೆ ಕೆಲ್ಸ ಇಲ್ವಾ ಮಾರಾಯ, ನಾಳೆ ಅವ್ಳು ವಾಪಸ್ ಬಂದ್ರೆ ದುಡ್ಡು ಯಾರು ಕೊಡ್ತಾರೆ" ಅಂತ ವಾಳೆ ಮುಖ್ಯಸ್ಥರು, ಗುರಿಕಾರ್ರೇ ಕೇಳಿದ್ರು. ಬಂದ್ರೆ ಬರ್ಲಿ, ಕೇಳಲ್ಲ ಅಂದೆ.

ಮುಂದಿನ ಕೊಯ್ಲಿಗೆ ಒಣದು ಬೇಡ, ಕೊನೆ (ಗೊನೆ) ಇಳಿಸಿದ ದಿನವೇ ಎರಡು ಕ್ರೇಟ್ ಹಸಿ ಅಡಿಕೆ ಕೊಡಿ ಅಂದೆ. ಹಸಿ ಕೊಡುವಾಗ ಯಾರೂ ಆರಿಸ್ತಾ ಕೂರಲ್ಲ ನೋಡಿ! ಮೂವತ್ತಾರು ಮನೆಯಿಂದ ಹತ್ತೊಂಬತ್ತು ಕ್ವಿಂಟಾಲ್ ಬಂತು, ನಮ್ಮನೆ ಅಂಗಳದಲ್ಲೇ ಸುಲಿದು ಹಂಡೆಲಿ ಬೇಯ್ಸಿದ್ವಿ, ಮೂರನೇ ದಿನ ಮೋಡ ಕಟ್ಟಿ ಜೀವ ಬಾಯಿಗೆ ಬಂದಿತ್ತು, ಮಧ್ಯರಾತ್ರಿ ಎದ್ದು ಟಾರ್ಪಾಲ್ ಹೊದಿಸಿದ್ದು ನಾನು ನನ್ನ ಹೆಂಡ್ತಿ ಇಬ್ರೇ. ಚೊಗರು (ಅಡಿಕೆಗೆ ಬಣ್ಣ ಕೊಡೋ, ಅಡಿಕೆ ಬೇಯ್ಸಿದ ನೀರು) ಹದ ಮಾತ್ರ ಇಲ್ಲಿ ಬರೆಯಲ್ಲ, ಬಣ್ಣ ನೋಡಿ ಅದೇ ಮಂಡಿಯವ್ನು ಯಾರ ಮನೇದು ಅಂತ ಕೇಳ್ದ. ಎರಡೂಕಾಲು ಕ್ವಿಂಟಾಲ್ ಮೇಲೆ ಸ್ವಲ್ಪ ರಾಶಿ (ಬೇಯ್ಸಿ ಒಣಗಿಸಿದ ಕೆಂಪಡಿಕೆ) ಆಯ್ತು, ಕ್ವಿಂಟಾಲಿಗೆ ನಲವತ್ತೇಳು ಸಾವಿರದ ಅಂದಾಜು, ಸೌದೆ, ಊಟ, ಮೆಷಿನ್ ಬಾಡಿಗೆ ಕಳೆದು ತೊಂಬತ್ತೆಂಟು ಸಾವಿರ ಕೈಗೆ.

ಮಧ್ಯದಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿನೂ ಮಾಡಿ ಮಾರಿದ್ವಿ, ಹದಿನಾಲ್ಕು ಸಾವಿರ ಉಳೀತು, ಆದ್ರೆ ಬಾಟ್ಲಿ ಸೋರಿ ಒಬ್ರ ಕಾರಿನ ಡಿಕ್ಕಿ ಇವತ್ತಿಗೂ ನಾರುತ್ತೆ. ಉಳಿದಿದ್ದನ್ನ ದುಬೈಲಿರೋ ಒಬ್ರು ಹಾಕಿದ್ರು. ಒಂದು ರೂಪಾಯಿನೂ ಹುಡುಗಿ ಕೈಗೆ ಕೊಟ್ಟಿಲ್ಲ, ನೇರ ಲೋನ್ ಅಕೌಂಟಿಗೇ ಕಟ್ಟಿದ್ದು, ಬ್ಯಾಂಕಿನ ಕ್ಲಿಯರೆನ್ಸ್ ಲೆಟರ್ ಕಾಪಿ ಚರ್ಚ್ ಬೋರ್ಡಿಗೆ ಅಂಟಿಸ್ದೆ, ಗುರಿಕಾರ್ರು ಕನ್ನಡಕ ಹಾಕ್ಕೊಂಡು ಎರಡು ಸಲ ಓದಿದ್ರು.

ಈ ವರ್ಷ ಕಪುಚಿನ್ ಅನ್ನೋ ಸನ್ಯಾಸಿಗಳ ಸಭೆಗೆ ಹೋಗ್ತೀನಿ ಅಂತ ಒಬ್ಬ ಹುಡುಗ ಬಂದಿದಾನೆ, ಅವ್ನದ್ದು ಬೈಕ್ ಲೋನು. ಮೊದ್ಲು ಬೈಕ್ ಮಾರ್ಕೊಂಡ್ ಬಾ ಅಂದಿದೀನಿ.