ಯೂರೋಪಿಯಂ ನ್ಯಾನೊಕಣಗಳಿಂದ ಟಿಎಸ್‌ಎಚ್ ಅಳೆದ ಬಗೆ: ಬಳ್ಳಾರಿಯ ಪ್ರಯೋಗಾಲಯದಿಂದ

ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವವೇ ಸೀರಮ್; ಅದರ ಒಂದು ಲೀಟರಿನಲ್ಲಿ 60ರಿಂದ 80 ಗ್ರಾಂ ಪ್ರೋಟೀನ್ ಇರುತ್ತದೆ. ಆರೋಗ್ಯವಂತ ವಯಸ್ಕರಲ್ಲಿ ಅಷ್ಟೇ ಸೀರಮ್‌ನಲ್ಲಿ ಥೈರಾಯ್ಡ್ ಗ್ರಂಥಿಯನ್ನು ಪ್ರಚೋದಿಸುವ ಟಿಎಸ್‌ಎಚ್ ಹಾರ್ಮೋನು ಒಂದು ಮೈಕ್ರೊಗ್ರಾಂ ಕೂಡ ಇರುವುದಿಲ್ಲ. ಬಳ್ಳಾರಿಯ ನಮ್ಮ ಪ್ರಯೋಗಾಲಯದಲ್ಲಿ ಬೆಳಕು ಸೂಸುವ ನ್ಯಾನೊಕಣಗಳನ್ನು ಬಳಸಿ, ಗರ್ಭಪರೀಕ್ಷೆಯ ಪಟ್ಟಿಯಂಥದೇ ಒಂದು ಪಟ್ಟಿಯ ಮೇಲೆ ಇದನ್ನು ಅಳೆಯಲು ಹೊರಟೆವು. ಕಣಗಳನ್ನು ಹೊಳೆಯಿಸುವುದು ಈ ಕೆಲಸದ ಸುಲಭ ಭಾಗ. ಸುತ್ತಲಿನ ಹೊಳಪನ್ನು ಅಡಗಿಸುವುದರಲ್ಲಿಯೇ ನಮ್ಮ ಹೆಚ್ಚಿನ ಶ್ರಮ ಹೋಯಿತು.

2023ರ ರಸಾಯನಶಾಸ್ತ್ರ ನೊಬೆಲ್ ಬಂದದ್ದರಿಂದ ಬೆಳಕು ಸೂಸುವ ಅತಿಸಣ್ಣ ಅರೆವಾಹಕ ಕಣಗಳಾದ ಕ್ವಾಂಟಂ ಡಾಟ್‌ಗಳ ಹೆಸರು ಎಲ್ಲರ ಬಾಯಲ್ಲಿದೆ. ಆದರೆ ಅವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವವು ಕ್ಯಾಡ್ಮಿಯಂ ಉಳ್ಳವು, ಅವುಗಳ ತ್ಯಾಜ್ಯವನ್ನು ವಿಲೇವಾರಿ ಮಾಡುವುದು ಸಣ್ಣ ಪ್ರಯೋಗಾಲಯಕ್ಕೆ ತಲೆನೋವು. ನಾವು ಅವುಗಳನ್ನು ಬಿಟ್ಟದ್ದಕ್ಕೆ ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಅತಿನೇರಳೆ ಬೆಳಕು ಬಿದ್ದರೆ ಸೀರಮ್, ಪಟ್ಟಿಯ ಹಿಂಬದಿಯ ಪ್ಲಾಸ್ಟಿಕ್, ಡಿಟರ್ಜೆಂಟಿನಲ್ಲಿ ಒಗೆದ ಬಿಳಿ ಕೋಟಿನ ನೂಲೆಳೆ ಎಲ್ಲವೂ ತಾವೂ ಹೊಳೆಯುತ್ತವೆ. ಈ ಹೊಳಪು ಕೆಲವು ನ್ಯಾನೊಸೆಕೆಂಡುಗಳಲ್ಲಿ ಆರಿಹೋಗುತ್ತದೆ. ಯೂರೋಪಿಯಂ ಎಂಬ ವಿರಳ ಭೂಲೋಹದ ಸಂಕೀರ್ಣದ ಕೆಂಪು ಬೆಳಕಾದರೋ ನೂರಾರು ಮೈಕ್ರೊಸೆಕೆಂಡುಗಳವರೆಗೆ ಉಳಿಯುತ್ತದೆ. ಆದ್ದರಿಂದ 340 ನ್ಯಾನೊಮೀಟರಿನ ಆಸುಪಾಸಿನ ಬೆಳಕನ್ನು ಒಮ್ಮೆ ಮಿಂಚಿಸಿ, ಸ್ವಲ್ಪ ತಡೆದು, ಆಮೇಲೆ 615 ನ್ಯಾನೊಮೀಟರಿನಲ್ಲಿ ಎಣಿಸುವ ಉಪಕರಣಕ್ಕೆ ಕಾಣುವುದು ಬಹುಪಾಲು ನಮ್ಮ ಕಣಗಳ ಬೆಳಕೇ. ಸಾವಿರಾರು ಯೂರೋಪಿಯಂ ಸಂಕೀರ್ಣಗಳನ್ನು ಒಳಗೆ ತುಂಬಿದ ಪಾಲಿಸ್ಟೈರೀನ್ ಕಣಗಳನ್ನು ನಾವು ಆರಿಸಿಕೊಂಡದ್ದು ಈ ಗುಣಕ್ಕಾಗಿ.

ಆದರೆ ತಪ್ಪು ಜಾಗದಲ್ಲಿ ಅಂಟಿಕೊಂಡ ಕಣದ ಬೆಳಕನ್ನು ಯಾವ ಉಪಕರಣವೂ ಬೇರ್ಪಡಿಸಿ ಹೇಳಲಾರದು. ಕಣದ ಮೇಲ್ಮೈಯ ಕಾರ್ಬಾಕ್ಸಿಲ್ ಗುಂಪುಗಳಿಗೆ ಇಡಿಸಿ ಎಂಬ ರಾಸಾಯನಿಕವನ್ನು ಬಳಸಿ, ಹಾರ್ಮೋನನ್ನು ಹಿಡಿಯುವ ಪ್ರತಿಕಾಯವನ್ನು ಬೆಸೆಯುವಾಗ, ಪ್ರತಿಕಾಯ ಹೆಚ್ಚಾದಷ್ಟೂ ಒಳ್ಳೆಯದೆಂಬ ಆಸೆ ಸಹಜ. ನಮ್ಮಲ್ಲಿ ಹೆಚ್ಚಾದಾಗ ಕಣಗಳು ಒಂದಕ್ಕೊಂದು ಅಂಟಿ ಗಂಟುಗಟ್ಟಿದವು, ಹಾರ್ಮೋನು ಇಲ್ಲದ ಮಾದರಿಯಲ್ಲಿಯೂ ಪರೀಕ್ಷಾ ಗೆರೆ ಮೂಡಿತು. ಬೆಸುಗೆಯ ನಂತರ ಖಾಲಿ ಉಳಿದ ಜಾಗವನ್ನು ಬಿಎಸ್‌ಎ ಪ್ರೋಟೀನಿನಿಂದ ಮುಚ್ಚುವುದು, ಸೆಂಟ್ರಿಫ್ಯೂಜ್ ಮಾಡಿದ ಮೇಲೆ ಕಣಗಳನ್ನು ಶ್ರವಣಾತೀತ ತರಂಗಗಳಿಂದ ಮತ್ತೆ ಬಿಡಿಬಿಡಿಯಾಗಿಸುವುದು, ಈ ಎರಡು ಬೇಸರದ ಹಂತಗಳಲ್ಲಿಯೇ ಫಲಿತಾಂಶದ ಹಣೆಬರಹ ನಿಂತಿದೆ ಎಂಬುದು ನನ್ನ ಅಭಿಪ್ರಾಯ. ಒಂದಕ್ಕೊಂದು ಗಟ್ಟಿಯಾಗಿ ಅಂಟುವ ಸ್ಟ್ರೆಪ್ಟಾವಿಡಿನ್-ಬಯೋಟಿನ್ ಜೋಡಿಯನ್ನು ನಾವು ಬೇಕೆಂದೇ ಬಿಟ್ಟೆವು, ಏಕೆಂದರೆ ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುವವರು ಈಗ ಬಹಳ, ಅವರ ರಕ್ತದಲ್ಲಿನ ಬಯೋಟಿನ್ ಈ ಜೋಡಿಯ ನಡುವೆ ನುಗ್ಗಿ ಫಲಿತಾಂಶ ಕೆಡಿಸಬಹುದು.

ಪ್ರತಿಕಾಯದ ಆಯ್ಕೆಯಲ್ಲಿಯೂ ಒಂದು ಸೂಕ್ಷ್ಮವಿದೆ. ಟಿಎಸ್‌ಎಚ್, ಎಲ್‌ಎಚ್, ಎಫ್‌ಎಸ್‌ಎಚ್, ಎಚ್‌ಸಿಜಿ ಈ ನಾಲ್ಕೂ ಹಾರ್ಮೋನುಗಳು ಆಲ್ಫಾ, ಬೀಟಾ ಎಂಬ ಎರಡು ಉಪಘಟಕಗಳಿಂದಾದವು. ನಾಲ್ಕಕ್ಕೂ ಆಲ್ಫಾ ಒಂದೇ; ವ್ಯತ್ಯಾಸವಿರುವುದು ಬೀಟಾದಲ್ಲಿ. ಗರ್ಭಿಣಿಯರ ರಕ್ತದಲ್ಲಿ ಎಚ್‌ಸಿಜಿ ವಿಪರೀತವಾಗಿರುವುದರಿಂದ, ಆಲ್ಫಾವನ್ನು ಹಿಡಿಯುವ ಪ್ರತಿಕಾಯದ ಬಹುಭಾಗ ಅದರಲ್ಲಿಯೇ ಸಿಕ್ಕಿಹಾಕಿಕೊಳ್ಳಬಹುದು. ಕಣದ ಮೇಲಿನದು, ಪರೀಕ್ಷಾ ಗೆರೆಯ ಮೇಲಿನದು, ಈ ಎರಡೂ ಪ್ರತಿಕಾಯಗಳು ಬೀಟಾದ ಬೇರೆ ಬೇರೆ ಭಾಗಗಳನ್ನು ಹಿಡಿಯುವಂತೆ ನೋಡಿಕೊಂಡೆವು.

ಮಾದರಿಗೆ ಕೆಂಪು ಮುಚ್ಚಳದ ಟ್ಯೂಬಿನ ಸೀರಮ್ಮನ್ನೇ ಬಳಸಿದೆವು. ನೇರಳೆ ಮುಚ್ಚಳದ ಟ್ಯೂಬಿನಲ್ಲಿರುವ, ಲೋಹದ ಅಯಾನುಗಳನ್ನು ಹಿಡಿಯುವ ಇಡಿಟಿಎ ಎಂಬ ರಾಸಾಯನಿಕ ಯೂರೋಪಿಯಂ ಅಯಾನನ್ನು ಸಂಕೀರ್ಣದಿಂದ ಕಿತ್ತುಕೊಳ್ಳಬಲ್ಲದು. ಕಣದೊಳಗಿನ ಯೂರೋಪಿಯಂಗೆ ಪಾಲಿಸ್ಟೈರೀನ್ ಸಾಕಷ್ಟು ರಕ್ಷಣೆ ಕೊಡುತ್ತದೆಯಾದರೂ ಆ ಅನುಮಾನವೇ ಬೇಡವೆನಿಸಿತು. ಇನ್ನು ನಮ್ಮ ಊರಿನ ಬೇಸಿಗೆ. ಹೊರಗೆ 40 ಡಿಗ್ರಿ ದಾಟಿದ ಮಧ್ಯಾಹ್ನ ಕರೆಂಟು ಹೋಗಿ ಎಸಿ ನಿಂತರೆ, ಒಣಗಾಳಿಗೆ ಪಟ್ಟಿಯ ದ್ರವ ಬೇಗ ಆರಿ ಹರಿವಿನ ವೇಗ ಬದಲಾಗುತ್ತದೆ, ಬಿಸಿಗೆ ಯೂರೋಪಿಯಂನ ಹೊಳಪೂ ಕುಗ್ಗುತ್ತದೆ. ಪರೀಕ್ಷಾ ಗೆರೆಯ ಬೆಳಕನ್ನು ನೇರವಾಗಿ ಓದದೆ, ಹಾರ್ಮೋನು ಇರಲಿ ಬಿಡಲಿ ಮೂಡುವ ನಿಯಂತ್ರಣ ಗೆರೆಯ ಬೆಳಕಿನಿಂದ ಭಾಗಿಸಿದ ಅನುಪಾತವನ್ನು ಓದಿದಾಗ ಈ ಏರಿಳಿತ ಬಹಳ ಮಟ್ಟಿಗೆ ತಗ್ಗಿತು.

ಒಪ್ಪಿಗೆ ಪಡೆದು, ಹೆಸರು ಅಳಿಸಿ ಕೊಟ್ಟ ಮಿಕ್ಕ ಮಾದರಿಗಳನ್ನು ರಾಸಾಯನಿಕ ಕ್ರಿಯೆಯ ಬೆಳಕಿನಿಂದ ಅಳೆಯುವ ಕೆಮಿಲ್ಯುಮಿನೆಸೆನ್ಸ್ ಯಂತ್ರದ ಫಲಿತಾಂಶದೊಂದಿಗೆ ಹೋಲಿಸಿದೆವು. ಲೀಟರಿಗೆ 0.4ರಿಂದ 4.0 ಮಿಲಿ ಅಂತರರಾಷ್ಟ್ರೀಯ ಘಟಕಗಳ ಸಾಮಾನ್ಯ ವ್ಯಾಪ್ತಿಯಲ್ಲಿಯೂ ಅದಕ್ಕಿಂತ ಮೇಲೆಯೂ ಪಟ್ಟಿ ನಂಬಿಕೆಗೆ ತಕ್ಕಂತೆ ನಡೆದುಕೊಂಡಿತು. ಹೈಪರ್‌ಥೈರಾಯ್ಡ್ ರೋಗಿಗಳಲ್ಲಿ ಕಾಣುವ ತೀರಾ ಕಡಿಮೆ ಮಟ್ಟವನ್ನು ಬಿಡಿಸಿ ಹೇಳುವ ಶಕ್ತಿ ಅದಕ್ಕಿಲ್ಲ, ಆ ಕೆಲಸಕ್ಕೆ ಯಂತ್ರವೇ ಬೇಕು. ಸದ್ಯ ಥೈರಾಯ್ಡ್ ಗ್ರಂಥಿಯ ಹಾರ್ಮೋನಾದ ಟಿ4 ಅಳೆಯುವ ಪಟ್ಟಿಯ ಕೆಲಸ ನಡೆದಿದೆ; ಟಿ4 ಎರಡು ಪ್ರತಿಕಾಯಗಳು ಒಟ್ಟಿಗೆ ಹಿಡಿಯಲಾಗದಷ್ಟು ಸಣ್ಣ ಅಣುವಾದ್ದರಿಂದ ಸ್ಪರ್ಧಾ ವಿಧಾನವನ್ನು ಅನುಸರಿಸಬೇಕಾಗಿದ್ದು, ಅಲ್ಲಿ ಹಾರ್ಮೋನು ಹೆಚ್ಚಿದಷ್ಟೂ ಪರೀಕ್ಷಾ ಗೆರೆ ಮಂಕಾಗುತ್ತದೆ.